ಮೀನಿನ ಟ್ಯಾಂಕ್ ಲೈಟಿನ ನಾಲ್ಕು ಪಿನ್ ಹೋಲ್ಡರ್ ಕಾರವಾರದ ಕಡೆ ಎಲ್ಲಿ ಸಿಗುತ್ತದೆ?

ಕೋಡಿಬಾಗದ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರದ ಕೋಡಿಬಾಗ. ಮನೆಯಲ್ಲಿ ಮೂರು ಅಡಿಯ ಸಿಹಿನೀರಿನ ಟ್ಯಾಂಕ್ ಇದೆ. ನಾಲ್ಕು ಏಂಜೆಲ್, ಎರಡು ಗೌರಾಮಿ, ಒಂದು ಮುದಿ ಸಕ್ಕರ್ ಮೀನು, ಸ್ವಲ್ಪ ಜಾವಾ ಫರ್ನ್, ಸ್ವಲ್ಪ ವ್ಯಾಲಿಸ್ನೇರಿಯಾ. ಟ್ಯಾಂಕ್ ಇಲ್ಲಿಯದೇ, ಆದರೆ ಮೇಲಿನ ಮುಚ್ಚಳ ನನ್ನ ಅಣ್ಣ ಮಸ್ಕತ್‌ನಿಂದ ಬರುವಾಗ ತಂದದ್ದು. ಒಳಗೆ ಉದ್ದಕ್ಕೆ ಮಡಚಿದ ಹಾಗಿರುವ ಎರಡು ಸಿಎಫ್ಎಲ್ ಟ್ಯೂಬ್ ಇವೆ, ಒಂದರ ಪಕ್ಕ ಒಂದು.

ಹೋದ ವಾರ ಲೈಟ್ ಎರಡು ಸಲ ಮಿಣಮಿಣ ಅಂದು ಆರಿಹೋಯಿತು. ಟ್ಯೂಬ್ ಹೋಗಿರಬೇಕು ಅಂತ ಮೆಲ್ಲಗೆ ಎಳೆದೆ. ಟ್ಯೂಬಿನ ಜೊತೆ ಹೋಲ್ಡರಿನ ಅರ್ಧವೂ ಕೈಗೆ ಬಂತು. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಸುಟ್ಟ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಇನ್ನೊಂದು ಹೋಲ್ಡರ್ ಗಟ್ಟಿ ಇದೆ, ಆದರೆ ಒಳಗಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದೆ.

ಊರಲ್ಲಿ ಮೂರು ಅಂಗಡಿ ತಿರುಗಿದೆ. ಮೊದಲನೆಯವನು ಮಾಮೂಲಿ ಬಲ್ಬ್ ಹೋಲ್ಡರ್ ಕೊಟ್ಟ. ಎರಡನೆಯವನು ಉದ್ದ ಟ್ಯೂಬ್‌ಲೈಟಿಗೆ ಹಾಕುವ ಸೈಡ್ ಹೋಲ್ಡರ್ ತೆಗೆದ. ಮೂರನೆಯವನು ಟ್ಯೂಬ್ ಕೈಯಲ್ಲಿ ಹಿಡಿದು ಅಡಿಮೇಲು ಮಾಡಿ ನೋಡಿ, "ಅಕ್ಕೋರೆ, ಇದೆಲ್ಲ ಈಗ ಬರೋದಿಲ್ಲ, ಇಡೀ ಮುಚ್ಚಳ ಬಿಸಾಕಿ" ಅಂದ. ಬಿಸಾಕಲು ಮನಸ್ಸಿಲ್ಲ. ಅಣ್ಣ ಈಗಿಲ್ಲ, ಅದೊಂದು ಕಾರಣ. ಇನ್ನೊಂದು, ಈ ಬೆಳಕಿನಲ್ಲಿ ಗಿಡ ಚೆನ್ನಾಗಿ ಬಂದಿದೆ.

ಟ್ಯೂಬಿನ ತಳದಲ್ಲಿ ನಾಲ್ಕು ಪಿನ್ ಇವೆ, ಸಾಲಾಗಿ. ಈ ಹೋಲ್ಡರಿಗೆ ಹೆಸರೇನು? ಎಲ್ಲಿ ಸಿಗುತ್ತದೆ? ಮಡಗಾಂವಿಗೆ ರೈಲು ಹತ್ತಿ ಹೋಗಿ ಬರಲೂ ತಯಾರಿದ್ದೇನೆ, ಆದರೆ ಏನಂತ ಕೇಳಬೇಕು ಎಂಬುದೇ ಗೊತ್ತಿಲ್ಲ.

ಬೈತಖೋಲ ಹುಡುಗ

ಎಲ್ಇಡಿ ಹಾಕಿ, ಮುಗೀತು. ಸಿಎಫ್ಎಲ್ ಕಾಲ ಹೋಯ್ತು.

ಕುಮಟಾ ವೈರ್‌ಮನ್

ತಮ್ಮಾ, ಅವರು ಕೇಳಿದ್ದು ಹೋಲ್ಡರ್. ಎಲ್ಇಡಿ ಮಾತು ಆಮೇಲೆ ಆಡೋಣ.

ಅಕ್ಕೋರೆ, ಅಂಗಡಿಯಲ್ಲಿ "ಸಿಎಫ್ಎಲ್ ಹೋಲ್ಡರ್" ಅಂದರೆ ಯಾರಿಗೂ ತಲೆಬುಡ ಹತ್ತುವುದಿಲ್ಲ. ಈ ಜಾತಿಯ ಟ್ಯೂಬುಗಳಿಗೆ ಐದಾರು ತರಹದ ಹೋಲ್ಡರ್ ಇವೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹೆಸರು ಹುಡುಕುವ ದಾರಿ ಎಂದರೆ ಪಿನ್ ಎಣಿಸುವುದು, ಆಮೇಲೆ ಪಿನ್ ಹೇಗೆ ನಿಂತಿವೆ ಅಂತ ನೋಡುವುದು. ನಾಲ್ಕೂ ಪಿನ್ ಒಂದೇ ಸಾಲಲ್ಲಿದ್ದು, ಟ್ಯೂಬ್ ಎರಡು ಕೋಲು ಜೋಡಿಸಿದ ಹಾಗೆ ಉದ್ದಕ್ಕಿದ್ದರೆ ಅದು 2ಜಿ11. ಬಾಯಲ್ಲಿ "ಟೂ ಜಿ ಇಲೆವೆನ್" ಅನ್ನಿ. ಟ್ಯೂಬಿನ ಮೇಲೆ ಪಿಎಲ್-ಎಲ್ ಅಂತಲೋ ಡುಲಕ್ಸ್ ಎಲ್ ಅಂತಲೋ ಬರೆದಿರುತ್ತದೆ, ಕಂಪನಿ ಮೇಲೆ ಹೋಗುತ್ತದೆ.

ಇದರಲ್ಲಿ 18 ವ್ಯಾಟಿನದು ಸುಮಾರು 22 ಸೆಂಟಿಮೀಟರ್ ಉದ್ದ, 24ರದ್ದು 32, 36ರದ್ದು 41 ಚಿಲ್ಲರೆ, 55ರದ್ದು 53 ಚಿಲ್ಲರೆ. ಮಜಾ ಏನೆಂದರೆ ನಾಲ್ಕಕ್ಕೂ ಹೋಲ್ಡರ್ ಒಂದೇ. ಅದೇ ಅಪಾಯವೂ ಹೌದು. ಕೂತಿತು ಅಂತ 36ರ ಚೋಕಿಗೆ, ಅಂದರೆ ಟ್ಯೂಬಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಡಬ್ಬಿಗೆ, 55ರ ಟ್ಯೂಬ್ ಹಾಕಿದವರನ್ನು ನೋಡಿದ್ದೇನೆ.

ಬೇರೆಯವರಿಗೂ ಉಪಯೋಗ ಆಗಲಿ ಅಂತ ಉಳಿದದ್ದೂ ಹೇಳಿಬಿಡುತ್ತೇನೆ. ಎರಡೇ ಪಿನ್ ಇದ್ದು ನಡುವೆ ಚೌಕದ ಪ್ಲಾಸ್ಟಿಕ್ ಗಟ್ಟಿ ಇದ್ದರೆ ಅದು ಜಿ23. ಚಿಕ್ಕ ಟ್ಯಾಂಕಿನ ಲೈಟಿನಲ್ಲಿ, ಹಳೇ ಟೇಬಲ್ ಲ್ಯಾಂಪಿನಲ್ಲಿ ಬರುತ್ತದೆ, 5ರಿಂದ 11 ವ್ಯಾಟ್. ಆ ಗಟ್ಟಿಯೊಳಗೇ ಸ್ಟಾರ್ಟರ್ ಇರುತ್ತದೆ. ಅದರ ನಾಲ್ಕು ಪಿನ್ನಿನ ತಮ್ಮ 2ಜಿ7, ಅದರಲ್ಲಿ ಸ್ಟಾರ್ಟರ್ ಇಲ್ಲ, ಎಲೆಕ್ಟ್ರಾನಿಕ್ ಚೋಕ್ ಬೇಕು. ಹೋಟೆಲ್ ಸೀಲಿಂಗಿನ ದುಂಡು ಲೈಟಿನೊಳಗೆ ಇರುತ್ತದಲ್ಲ, ಗಿಡ್ಡ, ನಾಲ್ಕು ಗಾಜಿನ ಕೋಲಿನದು, ಅದು ಜಿ24. ಎರಡು ಪಿನ್ ಆದರೆ ಜಿ24ಡಿ, ನಾಲ್ಕಾದರೆ ಜಿ24ಕ್ಯೂ. ಅದರಲ್ಲಿ 13, 18, 26 ವ್ಯಾಟಿಗೆ ಬೇರೆ ಬೇರೆ ಕಚ್ಚು ಇಟ್ಟಿದ್ದಾರೆ, ಬೇರೆ ವ್ಯಾಟಿನದು ಒಳಗೇ ಹೋಗುವುದಿಲ್ಲ. ಹೋಗದಿದ್ದರೆ ಚಾಕು ಹಿಡಿದು ಕಚ್ಚು ಕೆತ್ತುವ ಜನ ಇದ್ದಾರೆ. ದಯವಿಟ್ಟು ಬೇಡ. ಇನ್ನು ಕೆಲವು ವಿದೇಶಿ ಮುಚ್ಚಳಗಳಲ್ಲಿ ನಾಲ್ಕು ಪಿನ್ ಚೌಕಾಕಾರವಾಗಿ ನಿಂತಿರುತ್ತವೆ, ನಿಮ್ಮದು ಅದಾಗಿದ್ದರೆ ಮಾತ್ರ ಕಷ್ಟ. ಸಾಲಾಗಿ ಅಂದಿರಿ, ಬಚಾವ್.

ಹೊಸದು ಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡು, ಮುಂಬೈಯ ಲೋಹಾರ್ ಚಾಳ, ಇಲ್ಲಾ ಆನ್‌ಲೈನ್. ಆದರೆ ಟಿಕೆಟ್ ತೆಗೆಯುವ ಮೊದಲು ಊರಿನ ಗುಜರಿ ಅಂಗಡಿಗೆ ಹೋಗಿ. ತಮಾಷೆ ಅಲ್ಲ. ಹಿಂದೆ ಆಫೀಸುಗಳ ಫಾಲ್ಸ್ ಸೀಲಿಂಗಿನಲ್ಲಿ ಎರಡು ಅಡಿ ಚೌಕದ ಲೈಟ್ ಇರುತ್ತಿತ್ತು ನೋಡಿ, ಒಳಗೆ ಹೊಳೆಯುವ ಜಾಲರಿ, ಅದರ ಹಿಂದೆ ಎರಡೋ ಮೂರೋ ಟ್ಯೂಬು. ಅದರಲ್ಲಿದ್ದದ್ದು ಇದೇ 36 ವ್ಯಾಟಿನ ಪಿಎಲ್-ಎಲ್, ಇದೇ 2ಜಿ11 ಹೋಲ್ಡರ್. ಈಗ ಎಲ್ಲ ಕಡೆ ಕಿತ್ತು ಎಲ್ಇಡಿ ಪ್ಯಾನಲ್ ಹಾಕಿದ್ದಾರೆ. ನಾನೇ ಎಷ್ಟು ಕಿತ್ತಿದ್ದೇನೋ ಲೆಕ್ಕ ಇಲ್ಲ. ಗುಜರಿಯವರು ತಗಡಿನ ತೂಕಕ್ಕೆ ತೆಗೆದುಕೊಳ್ಳುತ್ತಾರೆ, ಹೋಲ್ಡರಿನ ಬೆಲೆ ಅವರಿಗೆ ಗೊತ್ತಿಲ್ಲ. ನೀವೂ ಹೇಳಬೇಡಿ.

ಟ್ಯೂಬಿನ ಮೇಲೂ ಚೋಕಿನ ಮೇಲೂ ಏನು ಬರೆದಿದೆ, ಅಕ್ಷರ ಬಿಡದೆ ಇಲ್ಲಿ ಹಾಕಿ.

ತೋಟದ ಭಾವ, ಶಿರಸಿ

ವೈರ್‌ಮನ್ನರು ಹೇಳಿದ್ದು ಸರಿ, ಆದರೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಹೋಲ್ಡರ್ ಸುಟ್ಟಿದ್ದು ಯಾಕೆ? ಅದು ಗೊತ್ತಾಗದೆ ಹೊಸದು ಹಾಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕತೆ. ನನಗೆ ಎರಡು ಸಲ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಟ್ಯೂಬ್ ಹಳೆಯದಾಗಿತ್ತು. ಬುಡದ ಹತ್ತಿರ ಗಾಜು ಕಪ್ಪಾಗಿತ್ತು, ಆದರೂ ಹತ್ತುತ್ತಿತ್ತಲ್ಲ ಅಂತ ಬಿಟ್ಟಿದ್ದೆ. ಟ್ಯೂಬಿನ ಎರಡೂ ಬುಡದಲ್ಲಿ ತಂತಿಯ ಸುರುಳಿ ಇರುತ್ತದೆ, ಅದರ ಮೇಲೆ ಒಂದು ಲೇಪ. ಲೇಪ ಒಂದು ಕಡೆ ಮುಗಿದುಹೋದರೂ ಕೆಲವು ಎಲೆಕ್ಟ್ರಾನಿಕ್ ಚೋಕ್ ಬಿಡದೆ ತಳ್ಳುತ್ತಲೇ ಇರುತ್ತದೆ. ಆಗ ಆ ಬುಡ ವಿಪರೀತ ಕಾಯುತ್ತದೆ. ಒಳ್ಳೆ ಚೋಕ್ ಆದರೆ ತಾನೇ ಆಫ್ ಆಗುತ್ತದೆ. ನನ್ನದು ಒಳ್ಳೆಯದಾಗಿರಲಿಲ್ಲ, ಪ್ಲಾಸ್ಟಿಕ್ ಕರಗಿ ಪಿನ್ನಿಗೆ ಅಂಟಿತ್ತು.

ಎರಡನೇ ಸಲದ್ದು ಪೂರ್ತಿ ನನ್ನ ದಡ್ಡತನ. ಘಟ್ಟದ ಮೇಲೆ ಮಳೆಗಾಲ ಅಂದರೆ ಗೊತ್ತಲ್ಲ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಹೋಲ್ಡರಿಗೆ ತೇವ ಹೋಗದಿರಲಿ ಅಂತ ಟ್ಯಾಂಕ್ ಅಂಟಿಸುವ ಸಿಲಿಕೋನನ್ನೇ ವೈರ್ ಒಳಹೋಗುವ ಬಾಯಿಗೆ ಮೆತ್ತಿದೆ. ನಾಲ್ಕು ತಿಂಗಳಲ್ಲಿ ಒಳಗಿನ ತಾಮ್ರ ಹಸಿರು ಪುಡಿ. ಆ ಸಿಲಿಕೋನ್ ಒಣಗುವಾಗ ಹುಳಿ ವಾಸನೆ ಬರುತ್ತದೆ ನೋಡಿ, ಅದು ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲವೇ. ಗಾಜಿಗೆ ಏನೂ ಮಾಡುವುದಿಲ್ಲ, ತಾಮ್ರವನ್ನು ತಿಂದುಬಿಡುತ್ತದೆ. ವೈರ್ ಇರುವ ಜಾಗಕ್ಕೆ ವಾಸನೆ ಇಲ್ಲದ, ನ್ಯೂಟ್ರಲ್ ಅಂತ ಬರೆದ ಸಿಲಿಕೋನೇ ಬೇಕು. ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡ ತಿಕ್ಕುವ ಊರಿನವನಾಗಿ ನನಗೆ ಇದು ಹೊಳೆಯಬೇಕಿತ್ತು.

ಈಗ ನಿಮ್ಮದು. ಮೂರು ವಿಷಯ ನೋಡಿ ಹೇಳಿ. ಟ್ಯೂಬಿನ ಬುಡ ಕಪ್ಪಾಗಿದೆಯಾ? ನೀರಿಗೂ ಲೈಟಿಗೂ ನಡುವೆ ಗಾಜು ಇದೆಯಾ, ಅಥವಾ ಗಾಳಿಗುಳ್ಳೆ ಒಡೆದು ನೀರು ನೇರ ಹೋಲ್ಡರಿಗೆ ಸಿಡಿಯುತ್ತದೆಯಾ? ಮತ್ತೆ ಟ್ಯೂಬಿನ ಇನ್ನೊಂದು ತುದಿ, ಅಂದರೆ ಪಿನ್ ಇಲ್ಲದ ತುದಿ, ಅದನ್ನು ಹಿಡಿದುಕೊಳ್ಳಲು ಕ್ಲಿಪ್ ಇದೆಯಾ?

ಕೋಡಿಬಾಗದ ಅಕ್ಕೋರು

ಅಬ್ಬಾ, ಇಷ್ಟು ಬರೆದಿರಲ್ಲ, ಇಬ್ಬರಿಗೂ ಥ್ಯಾಂಕ್ಸ್. ಟಾರ್ಚ್ ಹಿಡಿದು ಕೂತು ನೋಡಿದೆ.

ಟ್ಯೂಬಿನ ಮೇಲೆ: ಪಿಎಲ್-ಎಲ್ 36 ವ್ಯಾಟ್/865/4ಪಿ. ಅಳೆದೆ, ಪಿನ್ ಬಿಟ್ಟು 41 ಸೆಂಟಿಮೀಟರ್. ಚೋಕಿನ ಮೇಲೆ 2 x 36 ವ್ಯಾಟ್, 220-240 ವೋಲ್ಟ್ ಅಂತ ಇದೆ. ಹೋಲ್ಡರಿನ ಉಳಿದ ಚೂರಿನ ಬೆನ್ನ ಮೇಲೆ ಕನ್ನಡಕ ಹಾಕಿ ನೋಡಿದರೆ ಸಣ್ಣಗೆ 2ಜಿ11 ಅಂತ ಇದೆ! ಹೆಸರು ಅಲ್ಲೇ ಬರೆದಿತ್ತು, ನಾನು ಊರೆಲ್ಲ ತಿರುಗಿದೆ.

ಬುಡ: ಒಂದು ಟ್ಯೂಬಿನದು ತಿಳಿ ಬೂದು, ಇನ್ನೊಂದರದ್ದು ಸ್ವಚ್ಛ. ತೀರಾ ಕಪ್ಪಲ್ಲ. ನಡುವೆ ಗಾಜು ಇದೆ, ಆದರೆ ಹಿಂದೆ ಪೈಪು ಹೋಗಲು ಬಿಟ್ಟ ಸಂದಿಯಿಂದ ಹಬೆ ಮೇಲೆ ಬರುತ್ತದೆ. ಅದಲ್ಲದೆ ನಮ್ಮ ಮನೆಯಿಂದ ಸಮುದ್ರ ದೂರವಿಲ್ಲ, ಕಿಟಕಿಯ ಸರಳೇ ಮೂರು ವರ್ಷಕ್ಕೆ ಪದರ ಏಳುತ್ತದೆ. ಸಿಹಿನೀರಿನ ಟ್ಯಾಂಕ್ ಆದರೂ ಉಪ್ಪುಗಾಳಿ ಬಿಡುತ್ತದೆಯೇ.

ಕ್ಲಿಪ್. ಹೇಳಲು ನಾಚಿಕೆ. ಎರಡೂ ಟ್ಯೂಬಿಗೆ ಸ್ಟೀಲಿನ ಕ್ಲಿಪ್ ಇತ್ತು. ಒಂದು ತುಕ್ಕು ಹಿಡಿದು ಮುರಿದು ಎರಡು ವರ್ಷ ಆಯಿತು. ಆಗ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೆ. ಈಗ ನೋಡಿದರೆ ರಬ್ಬರ್ ಬ್ಯಾಂಡೇ ಇಲ್ಲ, ಅದಿದ್ದ ಜಾಗದಲ್ಲಿ ಬೆಲ್ಲದ ಪಾಕದ ಹಾಗೆ ಅಂಟು ಮಾತ್ರ ಇದೆ. ಹೋಲ್ಡರ್ ಸುಟ್ಟದ್ದು ಅದೇ ಕಡೆಯದು.

ಇನ್ನೊಂದು ಪ್ರಶ್ನೆ. ಹೋಲ್ಡರ್ ಸಿಗುವ ತನಕ ಒಂದೇ ಟ್ಯೂಬ್ ಹಾಕಿ ನಡೆಸಬಹುದಾ? ಪ್ರಯತ್ನಪಟ್ಟೆ, ಹತ್ತಲಿಲ್ಲ.

ತೋಟದ ಭಾವ, ಶಿರಸಿ

ಸಿಕ್ಕಿತು ನೋಡಿ ಕಳ್ಳ. ಅಷ್ಟುದ್ದದ ಟ್ಯೂಬ್ ಅಡ್ಡಕ್ಕೆ ಮಲಗಿರುವಾಗ ಅದರ ಭಾರವನ್ನು ಹೋಲ್ಡರ್ ಒಂದೇ ಹೊರುವಂತಿಲ್ಲ, ಆ ತುದಿಗೆ ಕ್ಲಿಪ್ ಇರಲೇಬೇಕು. ಕ್ಲಿಪ್ ಇಲ್ಲದಿದ್ದರೆ ಟ್ಯೂಬ್ ಜೋಲುತ್ತದೆ, ಪಿನ್ ಒಳಗೆ ಓರೆಯಾಗುತ್ತದೆ, ಹಿತ್ತಾಳೆಯ ಹಿಡಿತ ಸಡಿಲವಾಗುತ್ತದೆ. ಸಡಿಲ ಇದ್ದಲ್ಲಿ ಕಿಡಿ, ಕಿಡಿ ಇದ್ದಲ್ಲಿ ಶಾಖ. ಅದರ ಮೇಲೆ ನಿಮ್ಮ ಕಾರವಾರದ ಉಪ್ಪುಗಾಳಿ ಕಿಲುಬು ಹಿಡಿಸಿದರೆ ಇನ್ನೂ ಜಾಸ್ತಿ. ಎರಡು ವರ್ಷ ತಡೆದದ್ದೇ ದೊಡ್ಡದು.

ಕಾಳಿ ದಂಡೆ

ನಾನು ಕೈಗಾ ಕಡೆ ಇರುವವನು, ಕೆಲಸವೂ ಕರೆಂಟಿನದೇ. ಅಕ್ಕೋರೆ, ಒಂದು ಟ್ಯೂಬ್ ತೆಗೆದರೆ ಎರಡೂ ಆರುವುದು ನಿಮ್ಮ ಚೋಕಿನ ಸ್ವಭಾವ. ಕೆಲವು ಎರಡು ಟ್ಯೂಬಿನ ಚೋಕುಗಳು ಎರಡನ್ನೂ ಒಂದರ ಹಿಂದೆ ಒಂದು ಸೇರಿಸಿ ನಡೆಸುತ್ತವೆ, ಮಕ್ಕಳು ಕೈ ಕೈ ಹಿಡಿದು ನಿಂತ ಹಾಗೆ. ಒಬ್ಬ ಬಿಟ್ಟರೆ ಸಾಲು ಮುರಿಯಿತು. ಖಾಲಿ ಜಾಗಕ್ಕೆ ವೈರ್ ಸೇರಿಸಿ ಮೋಸ ಮಾಡಲು ಹೋಗಬೇಡಿ, ಚೋಕ್ ಸುಡುತ್ತದೆ. ಮೀನಿಗೆ ಹತ್ತು ದಿನ ಕಿಟಕಿಯ ಬೆಳಕು ಸಾಕು. ಜಾವಾ ಫರ್ನ್ ಕತ್ತಲೆ ತಡೆಯುತ್ತದೆ.

ಹೋಲ್ಡರ್ ಸಿಕ್ಕ ಮೇಲೆ ಹೀಗೆ ಮಾಡಿ, ಅಥವಾ ಮಾಡುವವರಿಗೆ ಓದಿ ಹೇಳಿ. ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಿ. ಕಿತ್ತ ಮೇಲೂ ಹತ್ತು ನಿಮಿಷ ಬಿಡಿ, ಚೋಕಿನೊಳಗಿನ ಕೆಪಾಸಿಟರ್ ಸ್ವಲ್ಪ ಹೊತ್ತು ಕರೆಂಟ್ ಇಟ್ಟುಕೊಂಡಿರುತ್ತದೆ. ಮುಚ್ಚಳ ಟ್ಯಾಂಕಿನ ಮೇಲಿರುವಾಗ ಕೆಲಸ ಬೇಡವೇ ಬೇಡ, ಇಳಿಸಿ ಮೇಜಿನ ಮೇಲೆ ಇಡಿ.

ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಹಳೇ ಹೋಲ್ಡರಿನ ಒಂದೊಂದು ತೂತಿಗೆ ಯಾವ ಬಣ್ಣದ ವೈರ್ ಹೋಗಿದೆ ಅಂತ ಚೀಟಿ ಅಂಟಿಸಿ. 2ಜಿ11ರಲ್ಲಿ ಲೆಕ್ಕ ಸುಲಭ. ಎಡಗಡೆಯ ಎರಡು ಪಿನ್ ಒಂದು ಕೋಲಿನ ಸುರುಳಿಯದು, ಬಲಗಡೆಯ ಎರಡು ಇನ್ನೊಂದು ಕೋಲಿನದು. ಜೋಡಿ ಅದಲುಬದಲಾದರೆ ತೊಂದರೆ, ಜೋಡಿಯೊಳಗೆ ಹಿಂದುಮುಂದಾದರೆ ಏನಿಲ್ಲ. ಮಲ್ಟಿಮೀಟರ್ ಇದ್ದರೆ ಟ್ಯೂಬನ್ನೂ ನೋಡಿಬಿಡಿ. ಎಡದ ಎರಡು ಪಿನ್ನಿಗೆ ಮುಟ್ಟಿಸಿದರೆ ಕೆಲವೇ ಓಮ್ ತೋರಿಸಬೇಕು, ಬಲಕ್ಕೂ ಹಾಗೆಯೇ. ಎಡದ್ದಕ್ಕೂ ಬಲದ್ದಕ್ಕೂ ನಡುವೆ ಏನೂ ತೋರಿಸಬಾರದು.

ಹೋಲ್ಡರಿಗೆ ಸ್ಕ್ರೂ ಇರುವುದಿಲ್ಲ, ವೈರ್ ತುದಿ ತಳ್ಳಿದರೆ ಒಳಗಿನ ಎಲೆ ಕಚ್ಚಿಕೊಳ್ಳುತ್ತದೆ. ಒಂಟಿ ತಂತಿಯ ವೈರ್ ಆದರೆ ಸಲೀಸು. ಎಳೆ ಎಳೆ ಇರುವ ವೈರ್ ಆದರೆ ತುದಿಗೆ ಬೆಸುಗೆ ಸವರಿ ಗಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ಎಳೆ ಹೊರಗೇ ಮಡಚುತ್ತದೆ. ಹಳೇ ಹೋಲ್ಡರಿನಿಂದ ವೈರ್ ಎಳೆದು ಕೀಳಬೇಡಿ. ಪಕ್ಕದ ಸಣ್ಣ ತೂತಿಗೆ ಸೂಜಿ ಚುಚ್ಚಿ ಒತ್ತಿದರೆ ಬಿಟ್ಟುಕೊಡುತ್ತದೆ. ಸುಟ್ಟ ಕಡೆಯ ವೈರ್ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸಿ.

ಕೊನೆಗೆ ಒಂದು. ಲೈಟಿನ ವೈರ್ ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಜೋತು ಮತ್ತೆ ಮೇಲೆ ಏರಬೇಕು. ಆಗ ವೈರ್ ಹಿಡಿದು ಬಂದ ನೀರು ಕೆಳಗೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಇಳಿಯುವುದಿಲ್ಲ. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇಲ್ಲದಿದ್ದರೆ ಹೋಲ್ಡರಿಗಿಂತ ಮೊದಲು ಅದನ್ನು ಹಾಕಿಸಿ. ನೀರಿಗೆ ಕೈ ಹಾಕುವ ಹವ್ಯಾಸ ಇದು.

ಬೈತಖೋಲ ಹುಡುಗ

ನನಗೆ ಬೈದದ್ದು ಸಾಕು, ಈಗ ನನ್ನ ಮಾತೂ ಕೇಳಿ 😄 ಈ ಟ್ಯೂಬೇ ಸಿಗದಿದ್ದರೆ ಹೋಲ್ಡರ್ ತಗೊಂಡು ಏನು ಮಾಡುವುದು? ಈ ಟ್ಯೂಬಿನೊಳಗೆ ಪಾದರಸ ಇದೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಫ್ಲೋರೆಸೆಂಟ್ ಟ್ಯೂಬುಗಳ ತಯಾರಿಕೆ, ಆಮದು, ರಫ್ತು 2027ರೊಳಗೆ ನಿಲ್ಲಿಸುವುದು ಅಂತ ತೀರ್ಮಾನ ಮಾಡಿವೆ. ಭಾರತವೂ ಆ ಒಪ್ಪಂದದಲ್ಲಿದೆ. ಈಗಲೇ ಅಂಗಡಿಯಲ್ಲಿ ಇಲ್ಲ, ಇನ್ನೆರಡು ವರ್ಷಕ್ಕೆ ಗುಜರಿಯಲ್ಲೂ ಇರುವುದಿಲ್ಲ.

ಮತ್ತೆ 2ಜಿ11 ತಳದ ಎಲ್ಇಡಿ ಟ್ಯೂಬ್ ಬರುತ್ತದೆ. ಅದೇ ಹೋಲ್ಡರಿಗೆ ಚುಚ್ಚಿದರೆ ಆಯ್ತು. ಅಕ್ಕೋರ ಮುಚ್ಚಳವೂ ಉಳಿಯಿತು, ನನ್ನ ಎಲ್ಇಡಿಯೂ ಬಂತು.

ಕುಮಟಾ ವೈರ್‌ಮನ್

ಈಗ ಬುದ್ಧಿವಂತಿಕೆಯ ಮಾತಾಡಿದೆ. ಆದರೆ "ಚುಚ್ಚಿದರೆ ಆಯ್ತು" ಅನ್ನುವುದನ್ನು ವಾಪಸ್ ತಗೋ. ಆ ಎಲ್ಇಡಿ ಟ್ಯೂಬಿನಲ್ಲಿ ಎರಡು ಜಾತಿ. ಒಂದು ಹಳೇ ಚೋಕಿನ ಮೇಲೇ ನಡೆಯುವಂಥದು. ಇನ್ನೊಂದಕ್ಕೆ ಚೋಕ್ ಕಿತ್ತು, ಹೋಲ್ಡರಿಗೆ ನೇರ 230 ವೋಲ್ಟ್ ಕೊಡಬೇಕು. ಡಬ್ಬಿಯ ಮೇಲೆ ಬರೆದಿರುತ್ತದೆ, ಓದುವವರು ಕಡಿಮೆ. ನೇರ ಕರೆಂಟಿನದನ್ನು ಚೋಕಿನ ಮೇಲೆ ಹಾಕಿದರೆ ಎಲ್ಇಡಿ ಹೋಗುತ್ತದೆ, ಅಷ್ಟೇ. ಉಲ್ಟಾ ಆದರೆ ಕಷ್ಟ. ಚೋಕ್ ತೆಗೆದು ನೇರ ಕರೆಂಟ್ ಕೊಟ್ಟ ಹೋಲ್ಡರಿಗೆ ನಾಳೆ ಯಾರೋ ಗೊತ್ತಿಲ್ಲದೆ ಹಳೇ ಸಿಎಫ್ಎಲ್ ಟ್ಯೂಬ್ ಚುಚ್ಚುತ್ತಾರೆ, ಆಗ ಅದು ಸಿಡಿದರೂ ಸಿಡಿಯಬಹುದು. ಹಾಗೆ ಬದಲಾಯಿಸಿದರೆ ಮುಚ್ಚಳದ ಒಳಗೆ ದಪ್ಪ ಅಕ್ಷರದಲ್ಲಿ "ಎಲ್ಇಡಿ ಮಾತ್ರ" ಅಂತ ಬರೆದಿಡಬೇಕು.

ಅಕ್ಕೋರೆ, ಟ್ಯೂಬಿನ ಮೇಲಿನ 865 ನೆನಪಿಡಿ. ಮೊದಲ 8 ಅಂದರೆ ಬಣ್ಣ ಚೆನ್ನಾಗಿ ಕಾಣುವ ದರ್ಜೆ, ಆಮೇಲಿನ 65 ಅಂದರೆ 6500 ಕೆಲ್ವಿನ್, ಹಗಲಿನ ಬಿಳಿ ಬೆಳಕು. ಗುಜರಿಯಲ್ಲಿ ಟ್ಯೂಬೂ ಸಿಕ್ಕೀತು, ಆದರೆ ಆಫೀಸಿನದು 840 ಇರುತ್ತದೆ ಜಾಸ್ತಿ, ಅದು ಸ್ವಲ್ಪ ಹಳದಿ. ಗಿಡಕ್ಕೆ ಅದೂ ನಡೆಯುತ್ತದೆ. ಏಂಜೆಲ್ ಮಾತ್ರ ಕಾಮಾಲೆ ಬಂದವರ ಹಾಗೆ ಕಾಣುತ್ತದೆ.

ಕೋಡಿಬಾಗದ ಅಕ್ಕೋರು

ಒಂಬತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಪರೀಕ್ಷೆ ಪೇಪರ್ ತಿದ್ದುವುದಿತ್ತು.

ಗುಜರಿ ಅಂಗಡಿಗೆ ಹೋದೆ. ನನ್ನನ್ನು ನೋಡಿ ಅಂಗಡಿಯವನು ಎದ್ದು ನಿಂತ, ನನ್ನ ಕೈಯಲ್ಲೇ ಏಳನೇ ಕ್ಲಾಸು ಕಲಿತವನಂತೆ. ನನಗೆ ನೆನಪಿಲ್ಲ. ಅವನಿಗೆ ನಾನು ಕೊಟ್ಟ ಪೆಟ್ಟು ನೆನಪಿದೆ. ಫಾಲ್ಸ್ ಸೀಲಿಂಗಿನ ಹಳೇ ಲೈಟ್ ಇದೆಯಾ ಅಂದೆ. ಹಿತ್ತಲಿಗೆ ಕರೆದುಕೊಂಡು ಹೋದ. ತೆಂಗಿನ ಗರಿ ಮುಚ್ಚಿ ಒಂದರ ಮೇಲೆ ಒಂದು ಪೇರಿಸಿಟ್ಟಿದ್ದಾನೆ, ನಮ್ಮ ವೈರ್‌ಮನ್ ಅಣ್ಣ ಹೇಳಿದ ಹಾಗೇ, ಎರಡು ಅಡಿ ಚೌಕ, ಒಳಗೆ ಹೊಳೆಯುವ ಜಾಲರಿ. ಒಂದೊಂದರಲ್ಲಿ ಮೂರು ಹೋಲ್ಡರ್! ಮಳೆಗೆ ನೆನೆದವು ಬಿಟ್ಟು ಅಡಿಯಲ್ಲಿದ್ದ ಎರಡನ್ನು ಆರಿಸಿದೆ. ಪೂರ್ತಿ ತಗಡಿನ ಸಮೇತ ಎರಡಕ್ಕೆ 160 ರೂಪಾಯಿ. "ಅಕ್ಕೋರಿಗೆ ಸುಮ್ನೆ ಕೊಡುತ್ತೇನೆ" ಅಂದ, ನಾನು ಒಪ್ಪಲಿಲ್ಲ. ಬೆಲೆಯ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಬೇಕಿತ್ತು, ಆದರೆ ಹಳೇ ಶಿಷ್ಯ ನೋಡಿ, ಹೋಲ್ಡರಿಗೆ ಒಳ್ಳೆ ಬೇಡಿಕೆ ಇದೆ ಮಾರಾಯಾ ಅಂತ ಹೇಳಿಯೇ ಬಂದೆ. ವೈರ್‌ಮನ್ ಅಣ್ಣ ಕ್ಷಮಿಸಬೇಕು.

ಆರು ಹೋಲ್ಡರಿನಲ್ಲಿ ಒಂದಕ್ಕೆ ಬಿರುಕು, ಐದು ಗಟ್ಟಿ. ಹಿತ್ತಾಳೆ ಎಲೆಗಳು ಹೊಳೆಯುತ್ತಿವೆ, ಟ್ಯೂಬ್ ಚುಚ್ಚಿದರೆ ಟಕ್ ಅಂತ ಹಿಡಿಯುತ್ತದೆ. ಎಲ್ಲಕ್ಕಿಂತ ಖುಷಿಯ ವಿಷಯ, ಆ ಲೈಟಿನಲ್ಲೇ ಆರು ಕ್ಲಿಪ್ ಇದ್ದವು, ಪಾರದರ್ಶಕ ಪ್ಲಾಸ್ಟಿಕಿನವು, ತುಕ್ಕಿನ ಮಾತೇ ಇಲ್ಲ.

ಕೆಲಸ ಮಾಡಿದ್ದು ಪಕ್ಕದ ಮನೆಯ ಐಟಿಐ ಹುಡುಗ. ಕಾಳಿ ದಂಡೆಯವರು ಬರೆದದ್ದನ್ನು ನಾನು ಜೋರಾಗಿ ಓದುತ್ತಾ ಹೋದೆ, ಅವನು ಮಾಡುತ್ತಾ ಹೋದ. ಸೂಜಿ ಚುಚ್ಚಿ ವೈರ್ ಬಿಡಿಸುವುದು ಅವನಿಗೂ ಗೊತ್ತಿರಲಿಲ್ಲ. ಒಂದು ಕಡೆ ಮಾತ್ರ ತಲೆ ಕೆಡಿಸಿತು. ಹಳೇ ಹೋಲ್ಡರಿನ ಸ್ಕ್ರೂ ತೂತಿಗೂ ಹೊಸದರ ತೂತಿಗೂ ಹೊಂದಲಿಲ್ಲ, ಸೀಲಿಂಗಿನದು ತಗಡಿಗೆ ಕಚ್ಚಿಸಿ ಕೂರಿಸುವಂಥದು. ಕೊನೆಗೆ ಸೀಲಿಂಗ್ ಲೈಟಿನ ತಗಡನ್ನೇ ಬೆರಳಗಲ ಕತ್ತರಿಸಿ, ಎಲ್ ಆಕಾರಕ್ಕೆ ಬಗ್ಗಿಸಿ, ಮುಚ್ಚಳಕ್ಕೆ ಸ್ಕ್ರೂ ಹಾಕಿ, ಅದಕ್ಕೆ ಹೋಲ್ಡರ್ ಕಚ್ಚಿಸಿದ. ನೋಡಲು ಚೆಂದ ಇಲ್ಲ, ಅಲ್ಲಾಡುವುದಿಲ್ಲ. ಕಿಲುಬು ಹಿಡಿದಿದ್ದ ಇನ್ನೊಂದು ಹೋಲ್ಡರನ್ನೂ ಜೊತೆಗೇ ಬದಲಾಯಿಸಿದೆವು. ಹಿಂದಿನ ಸಂದಿಗೆ ಸ್ಪಂಜಿನ ತುಂಡು ತುರುಕಿದೆ, ಹಬೆ ಬಹಳ ಕಡಿಮೆಯಾಗಿದೆ. ಸಿಲಿಕೋನ್ ಮುಟ್ಟಲಿಲ್ಲ, ಭಾವನವರೇ.

ಸಂಜೆ ಏಳಕ್ಕೆ ಸ್ವಿಚ್ ಹಾಕಿದೆವು. ಒಂದು ಕ್ಷಣ ಏನೂ ಇಲ್ಲ. ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಮೇಲೆ ಎರಡೂ ಒಟ್ಟಿಗೆ ಹತ್ತಿದವು. ಏಂಜೆಲ್‌ಗಳು ಹೆದರಿ ಗಿಡದ ಹಿಂದೆ ಹೋದವು. ಹತ್ತು ದಿನ ಕತ್ತಲಲ್ಲಿದ್ದು ಗಾಜಿನ ಮೇಲಿನ ಪಾಚಿ ಅರ್ಧ ಹೋಗಿದೆ, ಅದೊಂದು ಬೇರೆ ಲಾಭ. ಒಂದು ಗಂಟೆ ಬಿಟ್ಟು ಪ್ಲಗ್ ಕಿತ್ತು ಹೋಲ್ಡರಿನ ಬೆನ್ನು ಮುಟ್ಟಿ ನೋಡಿದೆ, ಎರಡೂ ಒಂದೇ ಸಮ ಬೆಚ್ಚಗಿವೆ, ಬಿಸಿ ಇಲ್ಲ.

ಬೂದು ಬುಡದ ಟ್ಯೂಬ್ ಇನ್ನೊಂದು ಆರು ತಿಂಗಳು ಬಂದೀತು. ಆಮೇಲೆ ಬೈತಖೋಲದ ತಮ್ಮ ಹೇಳಿದ ಎಲ್ಇಡಿ, ಚೋಕಿನ ಮೇಲೆ ನಡೆಯುವಂಥದು, ಡಬ್ಬಿ ಓದಿಯೇ ತರುತ್ತೇನೆ. ಹಳೇ ಟ್ಯೂಬನ್ನು ಕಸದ ಗಾಡಿಗೆ ಹಾಕಬಾರದು ಅಂತ ಗೊತ್ತು, ಒಳಗೆ ಪಾದರಸ ಇದೆ. ಮಕ್ಕಳಿಗೆ ಪಾಠ ಮಾಡುವವಳು ನಾನೇ.

ಈಗ ಮೂರು ಹೋಲ್ಡರ್, ನಾಲ್ಕು ಕ್ಲಿಪ್, ಎರಡು ಚೋಕ್ ನನ್ನ ಹತ್ತಿರ ಹೆಚ್ಚಿವೆ. ಬೇಕಾದವರು ಹೇಳಿ.

ತೋಟದ ಭಾವ, ಶಿರಸಿ

ಅಕ್ಕೋರೆ, ಎರಡು ಹೋಲ್ಡರ್, ಎರಡು ಕ್ಲಿಪ್ ನನಗೇ ಇರಲಿ. ಮುಂದಿನ ವಾರ ಕಾರವಾರಕ್ಕೆ ಬರುವ ಕೆಲಸ ಇದೆ, ಬರುವಾಗ ಒಂದು ಕಟ್ಟು ಕ್ರಿಪ್ಟೊಕೋರಿನ್ ಗಿಡ ತರುತ್ತೇನೆ, ನನ್ನ ಟ್ಯಾಂಕಿನಲ್ಲೇ ಮರಿ ಒಡೆದದ್ದು. ಕಡಿಮೆ ಬೆಳಕಿಗೂ ಬರುತ್ತದೆ. ನೆಟ್ಟ ಹೊಸತರಲ್ಲಿ ಎಲೆಯೆಲ್ಲ ಕೊಳೆತು ಹೋದರೆ ಕಿತ್ತು ಬಿಸಾಡಬೇಡಿ, ಬೇರಿನಿಂದ ಮತ್ತೆ ಚಿಗುರುತ್ತದೆ.

ಬೈತಖೋಲ ಹುಡುಗ

ಉಳಿದ ಒಂದು ಹೋಲ್ಡರ್ ನನಗೆ ಕೊಡಿ ಅಕ್ಕೋರೆ. ಯಾಕೆ ಅಂತ ಕೇಳಬೇಡಿ. ಮನೆಯ ಅಟ್ಟದಲ್ಲಿ ಅಪ್ಪನ ಹಳೇ ಮುಚ್ಚಳ ಒಂದು ಸಿಕ್ಕಿದೆ, ನಾಲ್ಕು ಪಿನ್, ಸಾಲಾಗಿ.